ರಿಫೈನರಿ ಸೇರಿದ ಮಗಳು ಶಿಫ್ಟ್ ಬಿಡಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳು ಕೆಮಿಕಲ್ ಎಂಜಿನಿಯರ್, ರಿಫೈನರಿಯಲ್ಲಿ ಟ್ರೈನಿ. ಶಿಫ್ಟ್ ಬೇಡ, ಆಫೀಸಿನ ಕೆಲಸ ಕೇಳಿಕೋ ಅಂತ ನೆಂಟರೆಲ್ಲ ಹೇಳ್ತಿದ್ದಾರೆ, ಅವಳಪ್ಪನೂ ಅದನ್ನೇ ಅಂತಾರೆ. ಅವಳಿಗೆ ಮುಂದೆ ದೊಡ್ಡ ಜವಾಬ್ದಾರಿ ಹೊರುವ ಆಸೆ. ಏನು ಹೇಳಲಿ?

ಆಪರೇಷನ್ಸ್ ಕಡೆಯಿಂದ: ಬಿಡಿಸಬೇಡಿ ಮೇಡಂ. ಮೂರ್ನಾಲ್ಕು ವರ್ಷ ಪ್ಲಾಂಟ್ ಸುತ್ತದವರ ಕೈಗೆ ಯೂನಿಟ್ ಒಪ್ಪಿಸಲು ಯಾರೂ ಧೈರ್ಯ ಮಾಡಲ್ಲ. ಮೊದಲು ಕ್ರೂಡ್ ಯೂನಿಟ್ (ಕಚ್ಚಾ ತೈಲ ಕಾಯಿಸಿ ಬೇರ್ಪಡಿಸುವ ಘಟಕ) ಕೇಳಲಿ. ಪಿ ಅಂಡ್ ಐಡಿ (ಪೈಪು, ಉಪಕರಣಗಳ ನಕ್ಷೆ) ಹಿಡಿದು ದಿನಕ್ಕೊಂದು ಲೈನ್, ಪಂಪಿನಿಂದ ಕಾಲಂವರೆಗೆ (ತೈಲ ಬೇರ್ಪಡಿಸುವ ಎತ್ತರದ ಗೋಪುರ) ನಡೆದು ನೋಡಲಿ. ಡ್ರಾಯಿಂಗಿನಲ್ಲಿಲ್ಲದ ಬೈಪಾಸ್ (ಪಕ್ಕದ ಪೈಪ್ ದಾರಿ), ಬ್ಲೈಂಡ್ (ಪೈಪ್ ಮುಚ್ಚುವ ಲೋಹದ ತಟ್ಟೆ) ಗುರುತು ಹಾಕಿಕೊಳ್ಳಲಿ. ಕಚ್ಚಾ ತೈಲದ ಉಪ್ಪು ತೊಳೆಯುವ ಡೀಸಾಲ್ಟರ್‌ನಲ್ಲಿ ನೀರು ಸರಿಯಾಗಿ ಬೇರೆಯಾಗದೆ ಉಪ್ಪು ಮುಂದೆ ಹೋದರೆ ಹೀಟರ್ ಬಿಸಿಗೆ ಹೈಡ್ರೋಜನ್ ಕ್ಲೋರೈಡ್ ಹುಟ್ಟಿ, ಕಾಲಂ ತಲೆಯಲ್ಲಿ ನೀರು ಸೇರಿ ಆಮ್ಲವಾಗಿ ಲೋಹ ತಿನ್ನುತ್ತದೆ. ಹೀಟರ್ ಔಟ್‌ಲೆಟ್ ಸುಮಾರು 360–370 ಡಿಗ್ರಿ. ಅತಿಯಾಗಿ ಕಾಯಿಸಿದರೆ ಟ್ಯೂಬಿನೊಳಗೆ ಕೋಕ್ (ಇದ್ದಿಲಿನಂಥ ಗಟ್ಟಿ ಪದರ) ಕಟ್ಟುತ್ತದೆ. ರಾತ್ರಿ ಪಾಳಿಯಲ್ಲಿ ಅಲಾರಂ ಹೊಡೆದಾಗಲೇ ಇದೆಲ್ಲ ತಲೆಗೆ ಹತ್ತುವುದು. ಪಾಳಿ ಒಪ್ಪಿಸುವಾಗ ಮೊದಲ ಮಾತು ಬೈಪಾಸ್‌ನಲ್ಲಿರುವ ಟ್ರಿಪ್ (ಅಪಾಯ ಬಂದರೆ ತಾನೇ ಯಂತ್ರ ನಿಲ್ಲಿಸುವ ವ್ಯವಸ್ಥೆ, ತಾತ್ಕಾಲಿಕವಾಗಿ ತಡೆದಿಟ್ಟದ್ದು), ಮುಚ್ಚದ ಪರ್ಮಿಟ್ (ಕೆಲಸದ ಅನುಮತಿ ಪತ್ರ) ಬಗ್ಗೆ ಇರಲಿ.

ಸೇಫ್ಟಿಯಿಂದ: ಸ್ಟೋರ್‌ನಲ್ಲಿ ಕೊಟ್ಟದ್ದನ್ನೇ ತೊಟ್ಟುಕೊಳ್ಳಬಾರದು. ಗಂಡಸರ ಅಳತೆಯ ಕವರಾಲ್ (ಮೈತುಂಬ ರಕ್ಷಣಾ ಉಡುಪು) ತೋಳು ವಾಲ್ವ್ ಹ್ಯಾಂಡಲ್‌ಗೆ ಸಿಕ್ಕಿಕೊಳ್ಳುತ್ತದೆ, ಸಡಿಲ ಶೂ ಏಣಿಯಲ್ಲಿ ಜಾರುತ್ತದೆ. ತನ್ನ ಅಳತೆ ಬರೆದು ಇಂಡೆಂಟ್ (ಬೇಡಿಕೆ ಪತ್ರ) ಹಾಕಲಿ. ಉಸಿರಾಟದ ಮಾಸ್ಕ್‌ಗೆ ಫಿಟ್ ಟೆಸ್ಟ್ (ಮುಖಕ್ಕೆ ಸರಿಹೊಂದುತ್ತದೆಯೇ ಎಂಬ ಪರೀಕ್ಷೆ) ಬೇಕೇ ಬೇಕು. ತೊಟ್ಟಾಗಲೆಲ್ಲ ಸೀಲ್ ಕೂಡ ನೋಡಿಕೊಳ್ಳಲಿ: ಗಾಳಿಯ ದಾರಿ ಮುಚ್ಚಿ ಉಸಿರೆಳೆದು ಹತ್ತು ಸೆಕೆಂಡ್ ಹಿಡಿದರೆ ಮುಖಕ್ಕೆ ಅಂಟಿಯೇ ಇರಬೇಕು. ಅಂಚಿಗೆ ಕೂದಲು ಸಿಕ್ಕರೂ ಸೋರುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ 100 ಪಿಪಿಎಂ ದಾಟಿತೆಂದರೆ ಮೂಗು ಸತ್ತುಹೋಗುತ್ತದೆ, ವಾಸನೆ ನಂಬಬಾರದು. ಡಿಟೆಕ್ಟರ್ ಕಾಲರಿನ ಹತ್ತಿರ ಇರಲಿ, ಬೆಲ್ಟಿಗೆ ಬೇಡ.

ಇನ್‌ಸ್ಪೆಕ್ಷನ್‌ನಿಂದ: ಆಪರೇಷನ್ಸ್ ಒಂದೇ ದಾರಿ ಅನ್ನೋದನ್ನು ಒಪ್ಪಲ್ಲ. ಶುಕ್ಲಾ ಮಿಸ್ತ್ರಿ ಮೆಟಲರ್ಜಿ ಓದಿದವರು, 2022ರಲ್ಲಿ ಇಂಡಿಯನ್ ಆಯಿಲ್ ರಿಫೈನರಿಗಳ ನಿರ್ದೇಶಕಿಯಾದರು. ವರ್ತಿಕಾ ಶುಕ್ಲಾ 1988ರಲ್ಲಿ ಎಂಜಿನಿಯರ್ಸ್ ಇಂಡಿಯಾ ಎಂಬ ವಿನ್ಯಾಸ ಸಂಸ್ಥೆ ಸೇರಿ 2021ರಲ್ಲಿ ಅದರ ಮುಖ್ಯಸ್ಥೆಯಾದರು. ಯಾವ ವಿಭಾಗವಾದರೂ ಸರಿ, ರಿಪೇರಿಗೆ ಪ್ಲಾಂಟ್ ನಿಲ್ಲಿಸುವ ಶಟ್‌ಡೌನ್‌ನಲ್ಲಿ ಒಂದು ಪ್ಯಾಕೇಜ್ (ಕೆಲಸದ ಪಾಲು) ತನ್ನ ಹೆಸರಿಗೆ ಕೇಳಿ ಪಡೆಯಲಿ. ಹತ್ತು ಎಕ್ಸ್‌ಚೇಂಜರ್ (ಬಿಸಿ-ತಣ್ಣನೆಯ ದ್ರವಗಳ ನಡುವೆ ಶಾಖ ದಾಟಿಸುವ ಸಾಧನ) ಸಾಕು: ಬ್ಲೈಂಡ್ ಪಟ್ಟಿ, ಗ್ಯಾಸ್ಕೆಟ್, ಕ್ರೇನ್, ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ಸೋರಿಕೆ ನೋಡುವುದು) ಎಲ್ಲಕ್ಕೂ ಅವಳೇ ಹೊಣೆ. ಬಿಚ್ಚಿದ ಮೇಲೆ ಟ್ಯೂಬ್ ತೂತಾಗಿದ್ದು ಕಂಡು, ಬದಲಿ ಟ್ಯೂಬ್ ಬಂಡಲ್ ಇಲ್ಲದೆ ದಿನಗಟ್ಟಲೆ ಕಾಯುವುದು ಎಲ್ಲೆಲ್ಲೂ ಆಗುವ ಎಡವಟ್ಟು. ಹಿಂದಿನ ಶಟ್‌ಡೌನ್‌ನ ದಪ್ಪದ ಅಳತೆ ನೋಡಿ ತಿಂಗಳುಗಳ ಮೊದಲೇ ಆರ್ಡರ್ ಹಾಕಿಸಬೇಕು.

ಎಚ್‌ಆರ್‌ನಿಂದ: ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಬಸುರಿ ಅಂತ ತಿಳಿದ ದಿನವೇ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕ ಇರುವ ಯೂನಿಟಿನಿಂದ ಬದಲಿ ಕೇಳಲಿ, ಆರ್ಡರಿನಲ್ಲಿ ‘ತಾತ್ಕಾಲಿಕ’ ಅಂತ ಬರೆಸಿಕೊಳ್ಳಲಿ. ಆ ಒಂದು ಪದ ಇಲ್ಲದಿದ್ದರೆ ರಜೆ ಮುಗಿಸಿ ಬಂದಾಗ ಹಳೇ ಯೂನಿಟ್ ಬೇರೆಯವರ ಕೈಯಲ್ಲಿರುತ್ತದೆ.