ಹೊಸ ಸಬ್‌ಮರೀನ್ ಆಯ್ಕೆ: ‘ಪೂರ್ಣ ತಂತ್ರಜ್ಞಾನ ವರ್ಗಾವಣೆ’ ಅಂದರೆ ನಿಜಕ್ಕೂ ಕೈಗೆ ಸಿಗುವುದೇನು?

ಪ್ರಶ್ನೆ — ಪಡುವಣಗಾಳಿ

ನಮ್ಮ ನೌಕಾಪಡೆಗೆ ಆರು ಹೊಸ ಸಬ್‌ಮರೀನ್ ಕಟ್ಟುವ ಪ್ರಾಜೆಕ್ಟ್ 75-ಐ ಸುದ್ದಿ ಬಂದಾಗಲೆಲ್ಲ ‘ಪೂರ್ಣ ತಂತ್ರಜ್ಞಾನ ವರ್ಗಾವಣೆ’ ಎಂಬ ಮಾತು ಇದ್ದೇ ಇರುತ್ತದೆ. 1981ರಲ್ಲಿ ಜರ್ಮನಿಯ ಸಬ್‌ಮರೀನ್ ಕಟ್ಟುವ ಕಂಪನಿ ಎಚ್‌ಡಿಡಬ್ಲ್ಯು ಜೊತೆ ಒಪ್ಪಂದವಾದಾಗಲೂ, 2005ರಲ್ಲಿ ಫ್ರಾನ್ಸಿನ ಸ್ಕಾರ್ಪೀನ್ ಸಬ್‌ಮರೀನ್ ಆರಿಸಿದಾಗಲೂ ತಂತ್ರಜ್ಞಾನ ಬರುತ್ತದೆ ಎಂದೇ ಹೇಳಿದ್ದರು. ಹಾಗಿದ್ದ ಮೇಲೆ ಮೂರನೇ ಸಲವೂ ಹೊರಗಿನವರ ವಿನ್ಯಾಸವೇ ಬೇಕಾಗಿದ್ದು ಏಕೆ?

ಇನ್ನೊಂದು ವಿಷಯ. ಈ ಟೆಂಡರ್‌ನಲ್ಲಿ ಮೊದಲ ದೋಣಿಗೆ 45%, ಆರನೆಯದಕ್ಕೆ 60% ದೇಶೀಯ ಪಾಲು ಇರಬೇಕು ಎಂಬ ಷರತ್ತಿದೆ. ಇಬ್ಬರು ಮಾರಾಟಗಾರರನ್ನು ಹೋಲಿಸುವಾಗ ಈ ಶೇಕಡಾ ಲೆಕ್ಕ ಸಾಕೇ, ಅಥವಾ ಬೇರೆ ಏನನ್ನಾದರೂ ನೋಡಬೇಕೇ? ತಿಳಿದವರು ಸ್ವಲ್ಪ ವಿವರವಾಗಿ ಬರೆಯಿರಿ.

ಉತ್ತರ 1 — ಉಕ್ಕಿನಹೊದಿಕೆ

ಶೇಕಡಾ ಲೆಕ್ಕ ಹಣ ಎಲ್ಲಿ ಖರ್ಚಾಯಿತು ಎಂದು ಹೇಳುತ್ತದೆ, ವಿದ್ಯೆ ಯಾರ ಹತ್ತಿರ ಉಳಿಯಿತು ಎಂದು ಹೇಳುವುದಿಲ್ಲ. ಬ್ಯಾಟರಿ, ಕೇಬಲ್, ಪೈಪು, ಎ.ಸಿ. ಘಟಕ ಇವನ್ನೆಲ್ಲ ದೇಶದಲ್ಲೇ ಕೊಂಡರೆ ಪಾಲು ಏರುತ್ತದೆ. ಸೋನಾರ್, ಆಯುಧಗಳನ್ನು ನಡೆಸುವ ಕಾಂಬ್ಯಾಟ್ ಸಿಸ್ಟಂನ ಸೋರ್ಸ್ ಕೋಡ್ ಮುಚ್ಚಿದ ಪೆಟ್ಟಿಗೆಯಾಗಿಯೇ ಬಂದರೂ ಆ ಅಂಕಿ ಅಲುಗಾಡುವುದಿಲ್ಲ.

ವರ್ಗಾವಣೆಯಲ್ಲಿ ನಾಲ್ಕು ಮಟ್ಟ ಇವೆ ಎಂದಿಟ್ಟುಕೊಳ್ಳಿ: ನಡೆಸಿ ನಿರ್ವಹಿಸುವುದು, ಬಿಚ್ಚಿ ದುರಸ್ತಿ ಮಾಡುವುದು, ನಕ್ಷೆ ನೋಡಿ ಕಟ್ಟುವುದು, ವಿನ್ಯಾಸವನ್ನೇ ಬದಲಿಸುವುದು. ಮೊದಲ ಮೂರನ್ನು ದುಡ್ಡು ಕೊಟ್ಟರೆ ಹೆಚ್ಚುಕಡಿಮೆ ಎಲ್ಲರೂ ಮಾರುತ್ತಾರೆ. ನಾಲ್ಕನೆಯದರಲ್ಲೇ ಜಗಳ.

ಮೂರನೇ ಮಟ್ಟವನ್ನೂ ಹಗುರವಾಗಿ ಕಾಣಬೇಡಿ. ನೀರಿನ ಒತ್ತಡ ತಡೆಯುವ ಒಡಲಿನ (ಪ್ರೆಷರ್ ಹಲ್) ಉಕ್ಕು ಎಚ್‌ವೈ-80 ಅಥವಾ ಫ್ರೆಂಚರ ಎಚ್‌ಎಲ್‌ಇಎಸ್-80 ದರ್ಜೆಯದು. ಎಚ್‌ವೈ-80ರ ಯೀಲ್ಡ್ ಸಾಮರ್ಥ್ಯ (ಉಕ್ಕು ಶಾಶ್ವತವಾಗಿ ಬಾಗಲು ಶುರುವಾಗುವ ಮಿತಿ) ಸುಮಾರು 550 ಮೆಗಾಪಾಸ್ಕಲ್, ಫ್ರೆಂಚರದ್ದು ಅದಕ್ಕಿಂತ ಹೆಚ್ಚು. ಇದಕ್ಕೆ ವೆಲ್ಡಿಂಗ್‌ನಲ್ಲಿ ಹೈಡ್ರೋಜನ್ನೇ ಶತ್ರು. ಎಲೆಕ್ಟ್ರೋಡ್ ತೇವ ಹೀರಿದ್ದರೆ, ಪ್ಲೇಟನ್ನು ದಪ್ಪಕ್ಕೆ ತಕ್ಕಷ್ಟು ಮೊದಲೇ ಬಿಸಿ ಮಾಡದಿದ್ದರೆ, ಬೆಸುಗೆ ಆ ದಿನ ಚೆನ್ನಾಗಿಯೇ ಕಾಣುತ್ತದೆ, ಬಿರುಕು ಒಂದೆರಡು ದಿನ ಬಿಟ್ಟು ಹುಟ್ಟುತ್ತದೆ. ಅದಕ್ಕೇ ಎಲೆಕ್ಟ್ರೋಡನ್ನು ಸುಮಾರು 350 ಡಿಗ್ರಿಯಲ್ಲಿ ಬೇಯಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು, ಪಾಳಿಗೆ ಬೇಕಾದಷ್ಟೇ ಹೊರಗೆ ತೆಗೆಯುವುದು. ಅಲ್ಟ್ರಾಸಾನಿಕ್ ತಪಾಸಣೆಯನ್ನು ಬೆಸುಗೆ ತಣ್ಣಗಾಗಿ 48 ಗಂಟೆ ಕಳೆದ ಮೇಲೆ ಮಾಡುವ ರೂಢಿಗೂ ಇದೇ ಕಾರಣ.

ಆಮೇಲೆ ವೃತ್ತಾಕಾರ. ಹಲ್ ರಿಂಗ್ ಆದರ್ಶ ವೃತ್ತದಿಂದ ತ್ರಿಜ್ಯದ 0.5%ಗಿಂತ ಹೆಚ್ಚು ಆಚೀಚೆ ಹೋಗಬಾರದು ಎಂಬುದು ಸಾಮಾನ್ಯ ಮಿತಿ. 3 ಮೀಟರ್ ತ್ರಿಜ್ಯಕ್ಕೆ ಅದು 15 ಮಿ.ಮೀ. ಅದನ್ನು ಮೀರಿದರೆ ನೀರಿನ ಒತ್ತಡಕ್ಕೆ ಹಲ್ ಲೆಕ್ಕ ಹಾಕಿದ ಆಳಕ್ಕಿಂತ ಮೊದಲೇ ಕುಸಿಯಬಹುದು. ಫ್ರೇಮ್‌ಗಳನ್ನು ಯಾವ ಕ್ರಮದಲ್ಲಿ ಬೆಸೆದರೆ ರಿಂಗ್ ಸೊಟ್ಟಗಾಗುವುದಿಲ್ಲ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಯಾರ್ಡ್‌ನ ಪ್ರೊಸೆಸ್ ಶೀಟಿನಲ್ಲಿ ಇರುತ್ತದೆ. ಒಪ್ಪಂದದ ಪಟ್ಟಿಯಲ್ಲಿ ಆ ಶೀಟುಗಳ ಹೆಸರು ಬರೆಸದಿದ್ದರೆ ಬರುವುದು ನಕ್ಷೆ ಮಾತ್ರ.

ಮೂಲ ಯಾರ್ಡ್‌ನ ಕೆಲಸ ಯಾವಾಗಲೂ ಮೇಲು ಎಂಬ ಭ್ರಮೆಯೂ ಬೇಡ. ಸ್ವೀಡನ್ ವಿನ್ಯಾಸದ, ಆಸ್ಟ್ರೇಲಿಯಾದ ಕಾಲಿನ್ಸ್ ಸಬ್‌ಮರೀನ್‌ನಲ್ಲಿ ದೋಷದ ಬೆಸುಗೆಗಳು ಸಿಕ್ಕಿದ್ದು ಸ್ವೀಡನ್‌ನಲ್ಲಿ ಕಟ್ಟಿ ತಂದ ಭಾಗಗಳಲ್ಲಿ!

ಉತ್ತರ 2 — ಮಜಗಾಂವ್_ಗಮನಿಗ

‘ಎರಡು ಸಲ ತಂದರೂ ಏಕೆ ಉಳಿಯಲಿಲ್ಲ’ ಅನ್ನುವುದಕ್ಕೆ ಇಸವಿಗಳೇ ಉತ್ತರ ಹೇಳುತ್ತವೆ.

1981ರ ಡಿಸೆಂಬರ್‌ನಲ್ಲಿ ಎಚ್‌ಡಿಡಬ್ಲ್ಯು ಒಪ್ಪಂದ. ಶಿಶುಮಾರ್, ಶಂಕುಶ್ ಜರ್ಮನಿಯ ಕೀಲ್ ನಗರದಲ್ಲಿ ಕಟ್ಟಿ ಬಂದವು. ಶಲ್ಕಿ, ಶಂಕುಲ್ ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಆದವು, ಸೇರ್ಪಡೆ 1992 ಮತ್ತು 1994. ಇನ್ನೆರಡು ಕಟ್ಟುವ ಯೋಜನೆ ಕಮಿಷನ್ ಆರೋಪದ ಗಲಾಟೆಯಲ್ಲಿ ನಿಂತೇಹೋಯಿತು. ಸ್ಕಾರ್ಪೀನ್‌ಗೆ ಮೊದಲ ಉಕ್ಕು ಕತ್ತರಿಸಿದ್ದು 2006ರ ಕೊನೆಗೆ. ನಡುವೆ ಸುಮಾರು 12 ವರ್ಷ. ಸಬ್‌ಮರೀನ್ ವೆಲ್ಡರ್‌ನ ಅರ್ಹತಾ ಪತ್ರ ಕೆಲಸ ನಿಂತು ಕೆಲವು ತಿಂಗಳಾದರೆ ಊರ್ಜಿತವಾಗಿ ಉಳಿಯುವುದಿಲ್ಲ, ಮತ್ತೆ ಪರೀಕ್ಷೆ ಕೊಡಬೇಕು. 12 ವರ್ಷದಲ್ಲಿ ಜನ ನಿವೃತ್ತರಾದರು, ಬೇರೆ ಕೆಲಸಕ್ಕೆ ಹೋದರು. ಜರ್ಮನಿಯಿಂದ ಬಂದದ್ದು ಕಪಾಟಿನಲ್ಲಿ ಉಳಿಯಿತು, ಕೈಯಲ್ಲಿ ಉಳಿಯಲಿಲ್ಲ.

ದಕ್ಷಿಣ ಕೊರಿಯಾ ಶುರು ಮಾಡಿದ್ದೂ ಅದೇ ಜರ್ಮನ್ 209 ಸಬ್‌ಮರೀನ್ ಕುಲದಿಂದ, ಅದೂ ನಮಗಿಂತ ತಡವಾಗಿ, 1987ರ ಒಪ್ಪಂದದೊಂದಿಗೆ. ಮೊದಲನೆಯದು ಕೀಲ್‌ನಲ್ಲಿ, ಉಳಿದ ಎಂಟು ದೇವೂ ಯಾರ್ಡ್‌ನಲ್ಲಿ. ಅದು ಮುಗಿಯುವ ಹೊತ್ತಿಗೆ ಜರ್ಮನರದೇ ಮುಂದಿನ ಮಾದರಿ 214ರ ಒಂಬತ್ತು ದೋಣಿಗಳ ಸರಣಿ. ಅದರ ಬೆನ್ನಿಗೇ ಸ್ವಂತ ವಿನ್ಯಾಸದ ಕೆಎಸ್‌ಎಸ್-3, ಮೊದಲ ದೋಣಿ 2021ರಲ್ಲಿ ನೌಕಾಪಡೆಗೆ ಸೇರಿತು. 2011ರಲ್ಲೇ ಇಂಡೊನೇಷ್ಯಾಕ್ಕೆ ಮೂರು ದೋಣಿ ಮಾರುವ ಒಪ್ಪಂದ ಮಾಡಿಕೊಂಡು, ಮೂರನೆಯದನ್ನು ಸುರಬಾಯದಲ್ಲಿ ಜೋಡಿಸಲು ತಾವೇ ತಂತ್ರಜ್ಞಾನ ಕೊಟ್ಟರು. ಜರ್ಮನರು ಕೊರಿಯಾಕ್ಕೆ ನಮಗಿಂತ ಉದಾರವಾಗಿ ಕೊಟ್ಟರು ಅನ್ನುವುದಕ್ಕಿಂತ, ಕೊರಿಯಾ ಆರ್ಡರ್ ನಿಲ್ಲಿಸಲಿಲ್ಲ ಅನ್ನುವುದು ಸರಿ.

ಸ್ಕಾರ್ಪೀನ್ ತಡವಾದದ್ದಕ್ಕೆ ಇನ್ನೊಂದು ಪಾಠ ಇದೆ. ಫ್ರೆಂಚರು ಕೊಡುವ ಸಾಮಗ್ರಿ ಬೇರೆ, ಮಜಗಾಂವ್ ಡಾಕ್ ತಾನೇ ಕೊಳ್ಳಬೇಕಾದ ಸಾಮಗ್ರಿ ಬೇರೆ ಎಂದು ವಿಂಗಡಿಸಿದ್ದರು. ಈ ಎರಡನೇ ಗಂಟಿನ ಬೆಲೆ ಒಪ್ಪಂದದ ದಿನ ಪಕ್ಕಾ ಆಗಿರಲಿಲ್ಲ. ಆಮೇಲೆ ಬೆಲೆ ಏರಿತು, ಮಂಜೂರಾತಿಗೆ ವರ್ಷಗಳು ಹೋದವು. 2012ಕ್ಕೆ ಬರಬೇಕಿದ್ದ ಮೊದಲ ಸ್ಕಾರ್ಪೀನ್ ಕಲ್ವರಿ ಸೇರಿದ್ದು 2017ರ ಡಿಸೆಂಬರ್ 14ಕ್ಕೆ, ಆರನೆಯ ವಾಗ್‌ಶೀರ್ 2025ರ ಜನವರಿಗೆ. ಮಾರಾಟಗಾರರನ್ನು ಹೋಲಿಸುವಾಗ ‘ಕೊಳ್ಳುವವನ ಪಾಲಿಗೆ ಬಿಟ್ಟ’ ಸಾಮಾನುಗಳ ಪಟ್ಟಿ ಎಷ್ಟು ಉದ್ದ ಇದೆ ಎಂದು ಮೊದಲು ನೋಡಿ.

ಉತ್ತರ 3 — ಪರವಾನಗಿ

ಮೇಲಿನ ಇಬ್ಬರೂ ಯಾರ್ಡ್ ಮಟ್ಟದ ಮಾತು ಹೇಳಿದ್ದಾರೆ, ನಾನು ಕಾಗದದ ಮಾತು ಹೇಳುತ್ತೇನೆ.

ಮಾರುವ ಕಂಪನಿ ಒಪ್ಪಿದರೆ ಸಾಲದು, ಅದರ ಸರ್ಕಾರ ಒಪ್ಪಬೇಕು. ಅಷ್ಟೇ ಅಲ್ಲ, ಬಿಡಿಭಾಗ ಬರುವ ಮೂರನೇ ದೇಶದ ಸರ್ಕಾರವೂ ಒಪ್ಪಬೇಕು. ಥಾಯ್ಲೆಂಡ್ 2017ರಲ್ಲಿ ಚೀನಾದಿಂದ ಎಸ್26ಟಿ ಸಬ್‌ಮರೀನ್ ಕೊಳ್ಳಲು ಸಹಿ ಹಾಕಿತು, ಅದರೊಳಗೆ ಜರ್ಮನಿಯ ಎಂಟಿಯು ಡೀಸೆಲ್ ಎಂಜಿನ್ ಇರಬೇಕಿತ್ತು. ಮಿಲಿಟರಿ ಬಳಕೆಗೆ ಚೀನಾಕ್ಕೆ ಎಂಜಿನ್ ಕೊಡಲು ಜರ್ಮನಿ ಒಪ್ಪಲಿಲ್ಲ. ಒಂದು ಎಂಜಿನ್‌ಗಾಗಿ ಇಡೀ ಕಟ್ಟಣೆ ವರ್ಷಗಟ್ಟಲೆ ನಿಂತು, ಕೊನೆಗೆ ಚೀನಾದ್ದೇ ಸಿಎಚ್‌ಡಿ620ಗೆ ಒಪ್ಪಬೇಕಾಯಿತು.

ಹಾಗಾಗಿ ಪ್ರತಿ ಮುಖ್ಯ ಉಪಕರಣಕ್ಕೂ ಮೂಲ ದೇಶ, ಪರವಾನಗಿ ಕೊಡುವ ಪ್ರಾಧಿಕಾರ, ಪರವಾನಗಿಯ ಅವಧಿ ಇವನ್ನು ಬಿಡ್‌ನಲ್ಲೇ ಬರೆಸಬೇಕು. ಉಪಗುತ್ತಿಗೆದಾರ ಮುಖ್ಯ ಗುತ್ತಿಗೆದಾರನಿಗೆ ಕೊಟ್ಟ ಹಕ್ಕನ್ನು ಕೊಳ್ಳುವವನಿಗೂ ದಾಟಿಸಬಹುದು ಎಂಬ ಪತ್ರ ಸಹಿಗೆ ಮೊದಲೇ ಕೈಯಲ್ಲಿರಬೇಕು. ಸಹಿಯಾದ ಮೇಲೆ ಕೇಳಿದರೆ ಆ ಪತ್ರಕ್ಕೂ ಬೆಲೆ ಕಟ್ಟುತ್ತಾರೆ.

ಬೌದ್ಧಿಕ ಆಸ್ತಿಗೆ ಕಾಲಿನ್ಸ್‌ಗಿಂತ ಒಳ್ಳೆಯ ಉದಾಹರಣೆ ಬೇಡ. ಗದ್ದಲ ಮಾಡುತ್ತಿದ್ದ ಪ್ರೊಪೆಲರ್ ಸರಿಪಡಿಸಲು ಆಸ್ಟ್ರೇಲಿಯಾ ಅದನ್ನು ಅಮೆರಿಕಕ್ಕೆ ಪರೀಕ್ಷೆಗೆ ಕಳಿಸಿದಾಗ, ವಿನ್ಯಾಸದ ಹಕ್ಕು ತನ್ನದೆಂದು ಸ್ವೀಡನ್‌ನ ಕೊಕುಮ್ಸ್ ಕಂಪನಿ ಕಾನೂನಿನ ದಾರಿ ಹಿಡಿಯಿತು. ರಾಜಿಯಾದದ್ದು 2004ರಲ್ಲಿ. ದುಡ್ಡು ಕೊಟ್ಟು ಕೊಂಡ ದೋಣಿ, ಬಿಡಿಸಿ ತೋರಿಸುವ ಹಕ್ಕು ಮಾತ್ರ ಇಲ್ಲ. ‘ಬಳಸುವ ಹಕ್ಕು’ ಎಂಬ ಪದದ ಜೊತೆ ‘ಮೂರನೆಯವರಿಗೆ ತೋರಿಸಿ ದುರಸ್ತಿ, ಮಾರ್ಪಾಡು ಮಾಡಿಸುವ ಹಕ್ಕು’ ಎಂದು ಬಿಡಿಸಿ ಬರೆಯದಿದ್ದರೆ ಇದೇ ಗತಿ.

ಗುಟ್ಟು ಕಾಯುವುದು ಎರಡೂ ಕಡೆಯ ಹೊಣೆ ಎಂಬುದೂ ನೆನಪಿರಲಿ. 2016ರ ಆಗಸ್ಟ್‌ನಲ್ಲಿ ಭಾರತದ ಸ್ಕಾರ್ಪೀನ್‌ಗೆ ಸಂಬಂಧಿಸಿದ 22,400 ಪುಟಗಳು ಹೊರಬಿದ್ದವು. ಶಬ್ದ, ಸೋನಾರ್ ಸಂಬಂಧಿ ಮಾಹಿತಿ ಯಾವ ಸರ್ವರ್‌ನಲ್ಲಿ ಇರುತ್ತದೆ, ಯಾರಿಗೆ ಪ್ರವೇಶ ಎಂಬ ಷರತ್ತು ತಂತ್ರಜ್ಞಾನ ವರ್ಗಾವಣೆಯ ಭಾಗವೇ.

ಪ್ರಶ್ನೆಗೆ ಪೂರಕ — ಪಡುವಣಗಾಳಿ

ಎಲ್ಲರಿಗೂ ಧನ್ಯವಾದ. ನಾಲ್ಕನೇ ಮಟ್ಟ, ಅಂದರೆ ‘ಬದಲಿಸುವ’ ಶಕ್ತಿ ಇಲ್ಲದಿದ್ದರೆ ಪ್ರಾಯೋಗಿಕವಾಗಿ ಏನು ತೊಂದರೆ? ಎಐಪಿ (ಹೊರಗಿನ ಗಾಳಿ ಬೇಡದೆ, ಹೆಚ್ಚು ದಿನ ಮುಳುಗಿಯೇ ಇರಲು ವಿದ್ಯುತ್ ಕೊಡುವ ವ್ಯವಸ್ಥೆ) ವಿಷಯದಲ್ಲೂ ಹೀಗೆಯೇ ಏನು?

ಉತ್ತರ 4 — ತೂಕದಲೆಕ್ಕ

ತೊಂದರೆ ಏನೆಂದು ಸ್ಪೇನ್ ತೋರಿಸಿದೆ. ಫ್ರೆಂಚರ ಜೊತೆಯಲ್ಲಿ ಸ್ಕಾರ್ಪೀನ್ ಕಟ್ಟಿದ ಅನುಭವ ಇದ್ದ ಯಾರ್ಡ್ ಅದು. ಎಸ್-80 ಸಬ್‌ಮರೀನ್ ಅನ್ನು ತಾವೇ ವಿನ್ಯಾಸ ಮಾಡಲು ಹೋದಾಗ 2013ರಲ್ಲಿ ದೋಣಿ ಹಲವು ಹತ್ತು ಟನ್ ಹೆಚ್ಚು ಭಾರ ಎಂದು ಬಯಲಾಯಿತು. ಮುಳುಗಿದರೆ ಮೇಲೆ ಬರುವ ಭರವಸೆಯೇ ಇಲ್ಲ. ಅಮೆರಿಕದ ಎಲೆಕ್ಟ್ರಿಕ್ ಬೋಟ್ ಕಂಪನಿಯನ್ನು ಕರೆಸಿ, ಸುಮಾರು 71 ಮೀಟರ್ ಇದ್ದ ದೋಣಿಯನ್ನು ಸುಮಾರು 81 ಮೀಟರ್‌ಗೆ ಹಿಗ್ಗಿಸಿದರು. ಮೊದಲನೆಯದು ನೌಕಾಪಡೆಯ ಕೈಸೇರಿದ್ದು 2023ರ ನವೆಂಬರ್‌ಗೆ. ಬ್ರಿಟನ್‌ನಂಥ ದೇಶವೂ ವ್ಯಾನ್‌ಗಾರ್ಡ್ ಸಬ್‌ಮರೀನ್‌ಗಳ ನಂತರದ ಬಿಡುವಿನಲ್ಲಿ ಕೈ ತಪ್ಪಿ, ಮುಂದಿನ ಆಸ್ಟ್ಯೂಟ್ ವಿನ್ಯಾಸಕ್ಕೆ ಅದೇ ಕಂಪನಿಯ ನೆರವು ಪಡೆಯಿತು.

ಸಬ್‌ಮರೀನ್‌ನಲ್ಲಿ ತೂಕ ಅಂದರೆ ಬರೀ ಮೊತ್ತ ಅಲ್ಲ, ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಕಲ್ವರಿಯ ಬ್ಯಾಟರಿಯನ್ನೇ ನೋಡಿ: 360 ಸೆಲ್, ತಲಾ 750 ಕೆ.ಜಿ., ಒಟ್ಟು 270 ಟನ್. ಸೆಲ್ ತಯಾರಕನನ್ನು ಬದಲಿಸಿ ಒಂದೊಂದು 10 ಕೆ.ಜಿ. ಹೆಚ್ಚಾದರೂ 3.6 ಟನ್ ಸೇರಿತು. ಅಷ್ಟು ಸೀಸದ ನಿಲುಭಾರವನ್ನು ಸರಿಯಾದ ಜಾಗದಿಂದ ತೆಗೆಯಬೇಕು. ಟ್ರಿಮ್ (ನೀರಿನೊಳಗೆ ದೋಣಿಯ ಸಮತೋಲ) ಲೆಕ್ಕ ಮತ್ತೆ ಹಾಕಬೇಕು. ಅದಕ್ಕೆ ಮೂಲ ತೂಕದ ರಿಜಿಸ್ಟರ್, ಪ್ರತಿ ವಸ್ತುವಿನ ಗುರುತ್ವ ಕೇಂದ್ರ, ಉಳಿದಿರುವ ಮಾರ್ಜಿನ್ ಬೇಕು. ಇವು ಪಿಡಿಎಫ್‌ನಲ್ಲಿ ಬಂದರೆ ಉಪಯೋಗವಿಲ್ಲ, ಲೆಕ್ಕ ಓಡಿಸಬಹುದಾದ ಮೂಲ ಕಡತವಾಗಿ ಬರಬೇಕು. ತ್ರೀಡಿ ಮಾದರಿಗೂ, ಶಾಕ್ (ನೀರಿನೊಳಗಿನ ಸ್ಫೋಟದ ಹೊಡೆತ) ಲೆಕ್ಕದ ಮಾದರಿಗೂ ಇದೇ ಮಾತು.

ಬದಲಿಸುವ ಅಧಿಕಾರ ಕೈಯಲ್ಲಿ ಇಲ್ಲದಿದ್ದರೆ ಬಿಲ್ ಎಷ್ಟಾಗುತ್ತದೆ? ಡಿಆರ್‌ಡಿಒದ ಹೆವಿವೇಟ್ ಟಾರ್ಪಿಡೊವನ್ನು ಕಲ್ವರಿ ವರ್ಗಕ್ಕೆ ಜೋಡಿಸಲು 2024ರ ಡಿಸೆಂಬರ್‌ನಲ್ಲಿ ಸ್ಕಾರ್ಪೀನ್‌ನ ಮೂಲ ಕಂಪನಿ, ಫ್ರಾನ್ಸಿನ ನೇವಲ್ ಗ್ರೂಪ್ ಜೊತೆ ಮಾಡಿಕೊಂಡ ಒಪ್ಪಂದ ಸುಮಾರು 877 ಕೋಟಿ ರೂ. ಟಾರ್ಪಿಡೊ ನಮ್ಮದು, ದೋಣಿ ಕಟ್ಟಿದ್ದು ನಾವು, ಆದರೂ ಜೋಡಣೆಗೆ ಮೂಲದವರೇ ಬೇಕು.

ಉತ್ತರ 5 — ಮೌನಗಾಮಿ

ಎಐಪಿ ಬಗ್ಗೆ. ಅಲ್ಲಿ ‘ಸಮುದ್ರದಲ್ಲಿ ಸಾಬೀತಾಗಿರಬೇಕು’ ಎಂಬ ಷರತ್ತೇ ಸ್ಪರ್ಧಿಗಳನ್ನು ಸೋಸಿತು. 2021ರ ಜುಲೈ ಟೆಂಡರ್‌ಗೆ ಐದು ವಿದೇಶಿ ಕಂಪನಿಗಳ ಹೆಸರಿತ್ತು. ನೇವಲ್ ಗ್ರೂಪ್ 2022ರಲ್ಲಿ ಇದೇ ಕಾರಣ ಕೊಟ್ಟು ಹಿಂದೆ ಸರಿಯಿತು, ಸ್ಪೇನ್‌ನ ನವಾಂತಿಯಾ ಮತ್ತು ಎಲ್ ಅಂಡ್ ಟಿ ಬಿಡ್ 2025ರ ಜನವರಿಯಲ್ಲಿ ಷರತ್ತಿಗೆ ಹೊಂದಲಿಲ್ಲ ಎಂದು ಬಿದ್ದುಹೋಯಿತು. ಉಳಿದದ್ದು ಮಜಗಾಂವ್ ಡಾಕ್ ಜೊತೆಗಿದ್ದ ಜರ್ಮನಿಯ ಟಿಕೆಎಂಎಸ್. ಷರತ್ತು ತಪ್ಪೆಂದು ನನ್ನ ವಾದವಲ್ಲ. ಆದರೆ ಒಬ್ಬನೇ ಉಳಿದ ಮೇಲೆ ತಂತ್ರಜ್ಞಾನಕ್ಕೆ ಚೌಕಾಸಿ ಮಾಡುವ ಬಲ ಕಡಿಮೆಯಾಗುತ್ತದೆ. ವರ್ಗಾವಣೆಯ ಪಟ್ಟಿಯನ್ನು ತಾಂತ್ರಿಕ ಸುತ್ತಿಗೆ ಮೊದಲೇ, ಎಲ್ಲರೂ ಕಣದಲ್ಲಿ ಇರುವಾಗಲೇ ಬರೆಸಿಕೊಳ್ಳಬೇಕು.

ಜರ್ಮನ್ 214ರಲ್ಲಿ ಸೀಮೆನ್ಸ್‌ನ 120 ಕಿಲೋವ್ಯಾಟ್‌ನ ಎರಡು ಫ್ಯೂಯೆಲ್ ಸೆಲ್ (ಹೈಡ್ರೋಜನ್, ಆಮ್ಲಜನಕ ಕೂಡಿಸಿ ವಿದ್ಯುತ್ ಮಾಡುವ) ಘಟಕ, ದ್ರವ ಆಮ್ಲಜನಕದ ಟ್ಯಾಂಕು, ಹೈಡ್ರೋಜನ್‌ಗೆ ಮೆಟಲ್ ಹೈಡ್ರೈಡ್ ಸಿಲಿಂಡರ್. ಹೈಡ್ರೈಡ್ ತನ್ನ ತೂಕದ ಬಲು ಸಣ್ಣ ಪಾಲಿನಷ್ಟು ಮಾತ್ರ ಹೈಡ್ರೋಜನ್ ಹಿಡಿಯುತ್ತದೆ, ಅಂದರೆ ಸಿಲಿಂಡರ್‌ಗಳು ಭಾರ. ತುಂಬುವಾಗ ಶಾಖ ಬಿಡುತ್ತವೆ, ತಂಪು ನೀರು ಹರಿಸದಿದ್ದರೆ ತುಂಬುವ ವೇಗ ಕುಸಿಯುತ್ತದೆ. ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಲವಲೇಶ ಇದ್ದರೂ ಸೆಲ್‌ನ ಪ್ಲಾಟಿನಂ ಕೆಡುತ್ತದೆ. ಆದ್ದರಿಂದ ದೋಣಿಯಷ್ಟೇ ಅಲ್ಲ, ನೆಲೆಯಲ್ಲಿನ ಶುದ್ಧ ಹೈಡ್ರೋಜನ್ ತುಂಬುವ ಘಟಕ, ಅದರ ಶುದ್ಧತೆ ಪರೀಕ್ಷಿಸುವ ಸಾಧನ, ಸೆಲ್ ಸ್ಟ್ಯಾಕ್ ಬದಲಿಸುವ ಕಾರ್ಯಾಗಾರ ಮೂರೂ ಒಂದೇ ಒಪ್ಪಂದದಲ್ಲಿ ಇರಬೇಕು.

ಡಿಆರ್‌ಡಿಒದ ದಾರಿ ಬೇರೆ: ಫಾಸ್ಫಾರಿಕ್ ಆಸಿಡ್ ಫ್ಯೂಯೆಲ್ ಸೆಲ್, ಹೈಡ್ರೋಜನ್ ದೋಣಿಯೊಳಗೇ ತಯಾರಾಗುತ್ತದೆ, ಸಿಲಿಂಡರ್ ಹೊರುವ ಕೆಲಸವಿಲ್ಲ. 2021ರಲ್ಲಿ ನೆಲದ ಮೇಲಿನ ಮಾದರಿ ಪರೀಕ್ಷೆ ಮುಗಿಯಿತು. ಅದನ್ನು ಕಲ್ವರಿ ವರ್ಗಕ್ಕೆ ಕೂರಿಸಲು ಹಲ್ ಕತ್ತರಿಸಿ ನಡುವೆ ಹೊಸ ಭಾಗ ಸೇರಿಸಬೇಕು, ಮಜಗಾಂವ್ ಡಾಕ್‌ಗೆ ಸುಮಾರು 1,990 ಕೋಟಿ ರೂ. ಕೆಲಸ. ಉತ್ತರ 1ರ ವೆಲ್ಡಿಂಗ್, ಉತ್ತರ 4ರ ತೂಕ ಎರಡೂ ಇಲ್ಲಿ ಪರೀಕ್ಷೆಗೆ ಬೀಳುತ್ತವೆ. ಆರು ಹೊಸ ದೋಣಿಗಳಿಗಿಂತ ಈ ಒಂದು ಕೆಲಸದಿಂದ ವಿನ್ಯಾಸದವರು ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಅಂದಾಜು.

ಕೊನೆಗೆ ಒಪ್ಪಂದದಲ್ಲಿ ಇರಲೇಬೇಕಾದ ಒಂದು ಷರತ್ತು ಹೇಳಿ ನಿಲ್ಲಿಸುತ್ತೇನೆ. ‘ದಾಖಲೆ ಕೊಟ್ಟಾಗ ಹಣ’ ಎಂದು ಬರೆಯಬೇಡಿ. ಎರಡನೇ ದೋಣಿಯ ಹೊತ್ತಿಗೆ ಕೊಳ್ಳುವವರ ತಂಡ ಒಂದು ನಿಜವಾದ ಮಾರ್ಪಾಡನ್ನು ತಾನೇ ಮಾಡಲಿ, ಉದಾಹರಣೆಗೆ ಒಂದು ಸಮುದ್ರನೀರಿನ ಪಂಪನ್ನು ಬೇರೆ ತಯಾರಕನದಕ್ಕೆ ಬದಲಿಸುವುದು. ಪೀಠದ ಶಾಕ್ ಲೆಕ್ಕ, ಶಬ್ದ, ಪೈಪಿನ ಒತ್ತಡ, ತೂಕ, ಟ್ರಿಮ್, ಪರೀಕ್ಷಾ ವಿಧಾನ ಎಲ್ಲವನ್ನೂ ಅವರೇ ತಯಾರಿಸಲಿ. ಮೂಲ ಕಂಪನಿ ಪರಿಶೀಲಿಸಿ ಸಹಿ ಹಾಕಲಿ. ಆ ಪಂಪು ಸೀ ಟ್ರಯಲ್‌ನಲ್ಲಿ ಪಾಸಾದ ದಿನ ವರ್ಗಾವಣೆಯ ಕಂತು ಬಿಡುಗಡೆಯಾಗಲಿ.