ಕರಾವಳಿಯ ಸೆಕೆಯಲ್ಲಿ ನಾಯಿ, ಬೆಕ್ಕು: ನಿಮ್ಮ ಮನೆಯಲ್ಲಿ ಏನು ಮಾಡ್ತೀರಿ?

ಕೊಟ್ಟಾರದಿಂದ ಕೇಳಿದ್ದು:

ನಾವು ಜನವರಿಯಲ್ಲಿ ಚಿಕ್ಕಮಗಳೂರಿನಿಂದ ಮಂಗಳೂರಿಗೆ ಬಂದೆವು. ಮನೆಯಲ್ಲಿ 4 ವರ್ಷದ ಲ್ಯಾಬ್ರಡಾರ್ ಇದ್ದಾನೆ, ಚಿಕ್ಕು. ಮತ್ತೆ ಮಿನ್ನಿ ಅಂತ ಒಂದು ಬೆಕ್ಕು. ಮಾರ್ಚ್ ಬಂದ ಮೇಲೆ ಚಿಕ್ಕು ಊಟ ಅರ್ಧಕ್ಕೇ ಬಿಡುತ್ತಾನೆ. ಇಡೀ ದಿನ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಾನೆ. ಮಿನ್ನಿ ಬಚ್ಚಲುಮನೆ ಬಿಟ್ಟು ಏಳುವುದಿಲ್ಲ, ಅವಳು ನೀರು ಕುಡಿಯುವುದನ್ನು ನಾನು ನೋಡಿಯೇ ಇಲ್ಲ. ಮೊಬೈಲ್‌ನಲ್ಲಿ ನೋಡಿದರೆ 34 ಡಿಗ್ರಿ ಅಷ್ಟೇ. ಇದಕ್ಕಿಂತ ಜಾಸ್ತಿ ಬಿಸಿಲಿನ ಊರುಗಳಲ್ಲೂ ಜನ ನಾಯಿ ಸಾಕುತ್ತಾರೆ ಅಲ್ವಾ? ಮನೆಯಲ್ಲಿ ಎಸಿ ಇಲ್ಲ. ಚಿಕ್ಕುವಿನ ಕೂದಲು ಪೂರ್ತಿ ಬೋಳಿಸಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಸರಿಯಾ? ಇಲ್ಲೇ ಸಾಕಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಬಿಜೈಯಿಂದ:

ಕೂದಲು ಬೋಳಿಸಬೇಡಿ. ಲ್ಯಾಬ್‌ಗೆ ಎರಡು ಪದರ ಕೂದಲು ಇರುತ್ತದೆ, ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ಅದು ತಡೆಯುತ್ತದೆ. ದಿನಾ ಬ್ರಷ್ ಮಾಡಿ ಒಳಗಿನ ಉದುರು ಕೂದಲು ತೆಗೆಯಿರಿ, ಸಾಕು.

ಇನ್ನು ಆ 34 ಡಿಗ್ರಿಯನ್ನು ನಂಬಬೇಡಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಅದು ತೇಕುವಾಗ ನಾಲಿಗೆಯ, ಬಾಯಿಯ ತೇವ ಆವಿಯಾಗಬೇಕು. ಆಗಲೇ ಮೈ ತಂಪಾಗುವುದು. ನಮ್ಮ ಕಡಲ ಬದಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಒಗೆದ ಬಟ್ಟೆ ನೆರಳಲ್ಲಿ ಹಾಕಿದರೆ ಸಂಜೆಯಾದರೂ ಹಸಿ ಹಸಿ ಇರುತ್ತದಲ್ಲ, ನಾಯಿಯ ನಾಲಿಗೆಯೂ ಹಾಗೆಯೇ. ಎಷ್ಟು ತೇಕಿದರೂ ಬಿಸಿ ಹೊರಗೆ ಹೋಗುವುದಿಲ್ಲ. ಹವಾಮಾನ ಇಲಾಖೆ ಕೂಡ ಬಿಸಿಗಾಳಿಯ ಲೆಕ್ಕಕ್ಕೆ ಬಯಲು ಸೀಮೆಯಲ್ಲಿ 40 ಡಿಗ್ರಿ ಮುಟ್ಟಬೇಕು ಅನ್ನುತ್ತದೆ, ಕರಾವಳಿಗೆ 37 ಸಾಕು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನಮ್ಮಲ್ಲಿ ಬಬ್ಲು ಅಂತ ಪಗ್ ಇದ್ದ. ಮೇ ತಿಂಗಳ ಒಂದು ಸಂಜೆ, ನಾಲ್ಕು ಹನಿ ಮಳೆ ಬಂದು ನಿಂತಿತ್ತು. ಬಿಸಿಲಿಲ್ಲ, ಮೋಡ ಇದೆ ಅಂತ ಅವನನ್ನು ವಾಕಿಂಗ್‌ಗೆ ಕರೆದುಕೊಂಡು ಹೋದೆ. ಹಾಗೆ ಹನಿ ಬಿದ್ದು ನಿಂತ ಮೇಲೆಯೇ ನಮ್ಮಲ್ಲಿ ಸೆಕೆ ಉಸಿರು ಕಟ್ಟಿಸುವುದು. ಹತ್ತು ನಿಮಿಷ ನಡೆದಿರಬೇಕು. ಉಸಿರಿನ ಸದ್ದು ಬದಲಾಯಿತು, ಗೊರ ಗೊರ ಅಂತ. ಜೊಲ್ಲು ಅಂಟು ಅಂಟಾಯಿತು. ಒಸಡು ಇಟ್ಟಿಗೆ ಕೆಂಪು. ಹಿಂದಿನ ಕಾಲು ತೂರಾಡಿ ರಸ್ತೆ ಬದಿಯಲ್ಲೇ ಕುಸಿದ. ನಾನು ಒದ್ದೆ ಟವಲ್‌ನಲ್ಲಿ ಅವನನ್ನು ಗಟ್ಟಿಯಾಗಿ ಸುತ್ತಿಕೊಂಡು ಆಟೋ ಹತ್ತಿದೆ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಹೋಯಿತು. ಡಾಕ್ಟರ್ ನೋಡುವಾಗ ಜ್ವರ 106 ಫ್ಯಾರನ್‌ಹೀಟ್ ದಾಟಿತ್ತು.

ಅವನು ಉಳಿದ. ಆದರೆ ಕಿಡ್ನಿಗೆ ಏಟು ಬಿದ್ದಿತ್ತು, ಮೊದಲಿನ ಬಬ್ಲು ಆಗಲೇ ಇಲ್ಲ. ಸುತ್ತಿದ ಟವಲ್ ಸ್ವಲ್ಪ ಹೊತ್ತಿಗೆ ತಾನೇ ಬಿಸಿಯಾಗಿ, ಮೈಯ ಬಿಸಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ ಅಂತ ಡಾಕ್ಟರ್ ಹೇಳಿದರು. ನೀವು ಹಾಗೆ ಮಾಡಬೇಡಿ. ಮೊದಲು ಇದ್ದ ಜಾಗದಲ್ಲೇ ತಂಪು ಮಾಡಿ, ಆಮೇಲೆ ಹೊರಡಿ. ನಳ್ಳಿ ನೀರು, ಬಾವಿ ನೀರು, ಸಿಕ್ಕಿದ್ದನ್ನು ಹೊಟ್ಟೆ, ತೊಡೆಸಂದು, ಎದೆಗೆಲ್ಲ ಸುರಿಯುತ್ತಾ ಇರಿ. ಜೊತೆಗೆ ಗಾಳಿ ಬೀಸಲೇಬೇಕು. ಫ್ಯಾನ್ ಇಲ್ಲದಿದ್ದರೆ ಪೇಪರ್, ಹಾಳೆ ಏನಾದರೂ ಸರಿ. ನಾಯಿ ತಾನಾಗಿ ಕುಡಿದರೆ ಕುಡಿಯಲಿ, ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರ 103ಕ್ಕೆ ಇಳಿದರೆ ನೀರು ನಿಲ್ಲಿಸಿ. ಎದ್ದು ಓಡಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಕಿಡ್ನಿ, ರಕ್ತ ಹೆಪ್ಪುಗಟ್ಟುವ ತೊಂದರೆಗಳು ಒಂದೆರಡು ದಿನ ಬಿಟ್ಟು ತೋರುವುದು ಉಂಟು.

ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೆ ಅಂತಲೇ ಇಟ್ಟುಕೊಳ್ಳಿ. ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದಲ್ಲಿ ನೋಡಬೇಕು. 101ರಿಂದ 102.5 ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಅದು ಜ್ವರ, ಅವರಿಗೆ ಅಲ್ಲ.

ಬ್ರಹ್ಮಾವರದಿಂದ:

ನಮ್ಮದು ಹಳೆಯ ಹಂಚಿನ ಮನೆ, ರೆಡ್ ಆಕ್ಸೈಡ್ ನೆಲ. ನಾಯಿಗಳು ಮಧ್ಯಾಹ್ನ ಅಲ್ಲೇ ಹೊಟ್ಟೆ ಅಂಟಿಸಿ ಮಲಗುತ್ತವೆ. ನಿಮ್ಮದು ತಾರಸಿ ಮನೆಯಾದರೆ ಮೇಲಿನ ಮಹಡಿಯಲ್ಲಿ ಬಿಡಬೇಡಿ. ತಗಡಿನ ಶೀಟ್ ಹಾಕಿದ ಗೂಡು ಇದ್ದರೆ ಮಧ್ಯಾಹ್ನ ಅದರಲ್ಲಿ ಕಟ್ಟಲೇಬೇಡಿ. ಈಗ ಎಲ್ಲರ ಅಂಗಳಕ್ಕೂ ಇಂಟರ್‌ಲಾಕ್ ಬಂದಿದೆ. ಸಂಜೆ ಆರಕ್ಕೂ ಅದು ಕಾದೇ ಇರುತ್ತದೆ. ಕೈಯ ಹಿಂಭಾಗ ಇಟ್ಟು ಏಳು ಎಣಿಸಿ. ನಿಮಗೆ ತಡೆಯದಿದ್ದರೆ ಅದರ ಅಂಗಾಲಿಗೂ ತಡೆಯುವುದಿಲ್ಲ.

ತೆಂಗಿನ ಬುಡಕ್ಕೆ ನೀರು ಬಿಟ್ಟ ಜಾಗದಲ್ಲಿ ನಮ್ಮ ನಾಯಿ ಕರಿಯ, ಗುಂಡಿ ತೋಡಿ ಮಲಗುತ್ತಾನೆ. ಮೊದಲು ಬೈಯುತ್ತಿದ್ದೆ, ಈಗ ಸುಮ್ನೆ ಬಿಟ್ಟಿದ್ದೇನೆ. ಅವನಿಗೆ ಅದಕ್ಕಿಂತ ತಂಪಾದ ಜಾಗ ನಾನು ಕೊಡಲಾರೆ.

ಊಟ ಬೆಳಗ್ಗೆ 6ಕ್ಕೆ, ರಾತ್ರಿ 8ರ ಮೇಲೆ. ಮಧ್ಯದಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿ, ಉಪ್ಪು ಹಾಕದೆ, ಆರಿಸಿ. ನೀರು ಸಾಕಷ್ಟು ಕುಡಿಯದ ನಾಯಿಯೂ ಅದನ್ನು ನೆಕ್ಕಿ ಖಾಲಿ ಮಾಡುತ್ತದೆ. ಬಚ್ಚಂಗಾಯಿ (ಕಲ್ಲಂಗಡಿ) ಬೀಜ ತೆಗೆದು ನಾಲ್ಕು ತುಂಡು ಕೊಡಬಹುದು. ದ್ರಾಕ್ಷಿ, ಈರುಳ್ಳಿ ಮಾತ್ರ ಬೇಡವೇ ಬೇಡ. 10 ಕೆ.ಜಿ. ನಾಯಿಗೆ ಸಾಧಾರಣ ದಿನದಲ್ಲೇ ಅರ್ಧ ಲೀಟರ್‌ಗಿಂತ ಮೇಲೆ ನೀರು ಬೇಕು, ಈ ಸೆಕೆಗೆ ಇನ್ನೂ ಜಾಸ್ತಿ.

ಮಲ್ಪೆಯಿಂದ, ಬೆಕ್ಕಿನ ಬಗ್ಗೆ:

ಮಿನ್ನಿ ಬಚ್ಚಲಲ್ಲಿ ಮಲಗುವುದು ಅವಳ ಬುದ್ಧಿವಂತಿಕೆ, ಬಿಡಿ. ನೀರು ಕುಡಿಯದಿರುವುದು ಮಾತ್ರ ಯೋಚಿಸಬೇಕಾದ ವಿಷಯ. ಬೆಕ್ಕಿಗೆ ಬಾಯಾರಿಕೆ ಕಡಿಮೆ, ನೀರನ್ನು ಊಟದಲ್ಲೇ ಪಡೆಯುವ ಪ್ರಾಣಿ ಅದು. ಒಣ ಕ್ಯಾಟ್‌ಫುಡ್ ಮಾತ್ರ ಹಾಕಿದರೆ ಮೂತ್ರ ಗಟ್ಟಿಯಾಗುತ್ತದೆ. ನಮ್ಮ ಗಂಡು ಬೆಕ್ಕಿಗೆ ಒಂದು ಎಪ್ರಿಲ್‌ನಲ್ಲಿ ಮೂತ್ರ ಕಟ್ಟಿಯೇ ಹೋಯಿತು. ಮರಳಿನ ತಟ್ಟೆಯಲ್ಲಿ ಕೂತು ಕೂತು ಎದ್ದು ಬರುತ್ತಿತ್ತು. ಮಲಬದ್ಧತೆ ಅಂತ ಒಂದು ದಿನ ಕಾದೆವು. ಅಷ್ಟು ಕಾಯಲೇಬಾರದಿತ್ತು. ಗಂಡು ಬೆಕ್ಕಿಗೆ ಮೂತ್ರ ನಿಂತರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು.

ಈಗ ನಾನು ಬೂತಾಯಿ ಅಥವಾ ಬಂಗುಡೆ ಬೇಯಿಸಿ, ಮುಳ್ಳು ತೆಗೆದು, ಬೇಯಿಸಿದ ನೀರಿನ ಸಮೇತ ಕೊಡುತ್ತೇನೆ. ಉಪ್ಪು, ಹುಳಿ, ಮೆಣಸು ಏನೂ ಇಲ್ಲ. ದಿನಾ ಬರೀ ಮೀನು ಬೇಡ, ಕೋಳಿ, ಮೊಟ್ಟೆಯೂ ಇರಲಿ. ಹಸಿ ಮೀನು ದಿನವೂ ಹಾಕಬೇಡಿ, ಕೆಲವು ಮೀನಿನಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತಾಗ ಕೆಲವರು ಒಣಮೀನು ಹಾಕುತ್ತಾರೆ. ಅದರಲ್ಲಿ ಉಪ್ಪು ಎಷ್ಟಿರುತ್ತದೆ ಅಂತ ನಮಗೇ ಗೊತ್ತಲ್ವಾ?

ನೀರಿನ ಪಾತ್ರೆ ಊಟದ ತಟ್ಟೆಯಿಂದ ದೂರ ಇಡಿ, ಎರಡು ಮೂರು ಕಡೆ. ಅಗಲ ಬಾಯಿಯ ಮಣ್ಣಿನ ಪಾತ್ರೆ ಒಳ್ಳೆಯದು. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ತೇಕಿದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ನಾಯಿಗೆ ಅದು ಮಾಮೂಲಿ, ಬೆಕ್ಕಿಗೆ ಅಲ್ಲ.

ಮಣಿಪಾಲದಿಂದ:

ಎಲ್ಲರೂ ಸೆಕೆ ಅಂತಿದ್ದಾರೆ. ನನಗೆ ಚಿಕ್ಕು ಊಟ ಬಿಟ್ಟದ್ದು ಕೇಳಿ ಹೆದರಿಕೆಯಾಯಿತು. ನಮ್ಮ ರಾಣಿಯೂ ಹಾಗೇ ಊಟ ಬಿಟ್ಟಿದ್ದಳು. ನಾವು ಸೆಕೆ ಸೆಕೆ ಅಂತ ಒಂದು ವಾರ ಕಳೆದೆವು. ಒಂದು ಬೆಳಗ್ಗೆ ನೋಡುವಾಗ ಮೂಗಿನಲ್ಲಿ ರಕ್ತ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಅಂತ ಬಂತು, ಉಣ್ಣಿಯಿಂದ ಬರುವ ಜ್ವರ. ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟು ಅವಳನ್ನು ಉಳಿಸಿಕೊಂಡೆವು.

ಉಣ್ಣಿಗೆ ಈ ಬಿಸಿ, ಈ ತೇವ ಎರಡೂ ಇಷ್ಟ. ನಾಯಿಯ ಮೈಯಲ್ಲಿ ಕಾಣುವುದು ಸ್ವಲ್ಪವೇ. ಹೆಣ್ಣು ಉಣ್ಣಿ ನಾಯಿಯಿಂದ ಇಳಿದು ಗೋಡೆಯ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ಕೆಂಪುಕಲ್ಲಿನ ಕಂಪೌಂಡ್ ಗೋಡೆಯ ತೂತುಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಗೋಡೆ ಗಾರೆ ಮಾಡಿಸಿದ ಮೇಲೆಯೇ ನಮ್ಮಲ್ಲಿ ಕಡಿಮೆಯಾದದ್ದು. ಕಿವಿಯ ಒಳಗೆ, ಕಾಲ್ಬೆರಳ ಸಂದಿ, ಬಾಲದ ಬುಡ ದಿನಾ ನೋಡಿ.

ಮಿನ್ನಿ ಇರುವ ಮನೆ ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ನಾಯಿಯ ಕತ್ತಿಗೆ ಬಿಡುವ ಕೆಲವು ಉಣ್ಣಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದು ಬೆಕ್ಕಿಗೆ ವಿಷ. ಬೆಕ್ಕಿಗೆ ಹಾಕುವುದಂತೂ ಬೇಡವೇ ಬೇಡ, ಹಾಕಿದ ನಾಯಿಗೆ ಬೆಕ್ಕು ಮೈ ಉಜ್ಜಿದರೂ ಅಪಾಯ. ಮನೆಯಲ್ಲಿ ಬೆಕ್ಕಿದೆ ಅಂತ ಡಾಕ್ಟರ್‌ಗೆ ಹೇಳಿಯೇ ಔಷಧಿ ತೆಗೆದುಕೊಳ್ಳಿ. ಹಾಗೆಯೇ ಜ್ವರ ಅಂತ ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಸಾಕು ಕೊಲ್ಲಲು.

ಮಳೆ ಶುರುವಾಗುವ ಮೊದಲು ಚಿಕ್ಕುವಿಗೆ ಇಲಿ ಜ್ವರದ ಲಸಿಕೆ ಆಗಿದೆಯಾ ನೋಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ರೇಬಿಸ್ ಲಸಿಕೆ ಹೇಗೂ ಹಾಕಿಸಿರುತ್ತೀರಿ.

ಕೊಟ್ಟಾರದಿಂದ ಮತ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಗ್ಗೆ 6 ಗಂಟೆಗೆ, ಫ್ಯಾನ್ ಕೆಳಗೆ ಮಲಗಿದ್ದಾಗಲೇ ಚಿಕ್ಕುವಿನ ಜ್ವರ ನೋಡಿದೆ. 103.6. ಆ ಹೊತ್ತಿಗೆ ಸೆಕೆ ಅಷ್ಟು ಇರಲಿಲ್ಲ. ಬಲ ಕಿವಿಯ ಮಡಿಕೆಯಲ್ಲಿ ಎರಡು ಉಣ್ಣಿ ಸಿಕ್ಕಿದವು. ನಾನು ಇಷ್ಟು ದಿನ ಅಲ್ಲಿ ನೋಡಿಯೇ ಇರಲಿಲ್ಲ. ಹತ್ತು ಗಂಟೆಗೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮಿನ್ನಿ ಮೀನಿನ ನೀರು ಕುಡಿದಳು, ಪೂರ್ತಿ. ಇನ್ನೊಂದು ಕೇಳಬೇಕು. ಚಿಕ್ಕು ಹುಷಾರಾದ ಮೇಲೆ ಪಣಂಬೂರು ಕಡಲಿಗೆ ಕರೆದುಕೊಂಡು ಹೋಗಬಹುದಾ?

ಸುರತ್ಕಲ್‌ನಿಂದ:

ಹೋಗಬಹುದು, ಬೆಳಗ್ಗೆ ಬೇಗ. ಹತ್ತರ ಮೇಲೆ ಮರಳು ಕಾಯುತ್ತದೆ. ಮನೆಯಿಂದ ಕುಡಿಯುವ ನೀರು ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಆಟದ ಭರದಲ್ಲಿ ಉಪ್ಪು ನೀರು ಕುಡಿದು ಮನೆಗೆ ಬಂದು ವಾಂತಿ, ಭೇದಿ ಮಾಡುತ್ತಾನೆ. ಕಾರಿನಲ್ಲಿ ಬಿಟ್ಟು ಎಳನೀರು ಕುಡಿಯಲು ಇಳಿಯಬೇಡಿ, ಐದು ನಿಮಿಷಕ್ಕೂ ಬೇಡ. ಮನೆಗೆ ಬಂದು ಸಿಹಿ ನೀರಿನಲ್ಲಿ ತೊಳೆದು ಕಿವಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಲ್ಯಾಬ್‌ನ ಕಿವಿ ಮುಚ್ಚಿಕೊಂಡೇ ಇರುತ್ತದೆ, ನಮ್ಮ ಗಾಳಿಗೆ ತಾನಾಗಿ ಒಣಗುವುದಿಲ್ಲ. ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇವೆ.