ವೇದ ವಿದ್ವಾಂಸ ರುಡಾಲ್ಫ್ ರೋಥ್ ನಿಜಕ್ಕೂ ಗ್ರಂಥಪಾಲರ ಕೆಲಸ ಮಾಡಿದ್ದರೇ?

ಪ್ರಶ್ನೆ: ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಕಿಟ್ಟೆಲ್ ಅವರ ಕೊನೆಯ ವರ್ಷಗಳ ಬಗ್ಗೆ ಓದುವಾಗ ಜರ್ಮನಿಯ ಟ್ಯೂಬಿಂಗೆನ್ ಎಂಬ ಊರಿನ ಹೆಸರು ಮತ್ತೆ ಮತ್ತೆ ಎದುರಾಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ನಿಘಂಟು ಹೊರಬಂದ ಮೇಲೆ, 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಆ ಊರಿನ ವಿಶ್ವವಿದ್ಯಾನಿಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಆ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ 1856ರಿಂದ 1895ರವರೆಗೆ ಮುಖ್ಯ ಗ್ರಂಥಪಾಲರಾಗಿದ್ದವರು ರುಡಾಲ್ಫ್ ಫಾನ್ ರೋಥ್ ಎಂದು ತಿಳಿಯಿತು. ಆದರೆ ನಾನು ನೋಡಿದ ಬರಹಗಳೆಲ್ಲ ಅವರನ್ನು ವೇದ ವಿದ್ವಾಂಸರೆಂದೇ ವರ್ಣಿಸಿ, ಗ್ರಂಥಪಾಲರೆಂಬ ಮಾತನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಹುದ್ದೆ ಬರಿಯ ಗೌರವಕ್ಕೆ ಇತ್ತೇ, ಅಥವಾ ಅವರು ಅಲ್ಲಿ ಕುಳಿತು ಕೆಲಸ ಮಾಡಿದರೇ?

ಇದನ್ನು ಕೇಳಲು ಕಾರಣವಿದೆ. ನಾನು ತರಬೇತಿಗೆ ಹೋಗಿದ್ದ ಒಂದು ಗ್ರಂಥಾಲಯದಲ್ಲಿ ತಾಳೆಗರಿಯ ಕಟ್ಟುಗಳನ್ನು ರಿಜಿಸ್ಟರಿನಲ್ಲಿ “ಸಂಸ್ಕೃತ, ಒಂದು ಕಟ್ಟು” ಎಂದಷ್ಟೇ ಬರೆದಿಟ್ಟಿದ್ದಾರೆ. ಒಳಗಿನ ಗ್ರಂಥ ಯಾವುದೆಂದು ಓದಿ ಬರೆಯುವುದು ವಿದ್ವಾಂಸರ ಕೆಲಸ, ನಮ್ಮದಲ್ಲ ಎಂದು ನನಗೆ ಹೇಳಲಾಯಿತು. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಉತ್ತರ: ನಿವೃತ್ತ ಗ್ರಂಥಪಾಲ, ಮಂಗಳೂರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ರೋಥ್ 1821ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದರು; ಟ್ಯೂಬಿಂಗೆನ್ನಿನಲ್ಲಿ ಎವಾಲ್ಡ್ ಅವರಲ್ಲಿ ಓದಿ, ಪ್ಯಾರಿಸಿನಲ್ಲಿ ಬ್ಯೂರ್ನೂಫ್ ಅವರ ಬಳಿ ಕಲಿತು, ಲಂಡನ್ನಿನ ಹಸ್ತಪ್ರತಿಗಳನ್ನು ನೋಡಿ ಬಂದವರು. ವೇದದ ಸಾಹಿತ್ಯ ಮತ್ತು ಇತಿಹಾಸವನ್ನು ಕುರಿತ ಅವರ ಪುಸ್ತಕ 1846ರಲ್ಲಿ ಪ್ರಕಟವಾದಾಗ ಅವರಿಗೆ ಇಪ್ಪತ್ತೈದು ವರ್ಷ. 1856ರಲ್ಲಿ ಪ್ರಾಧ್ಯಾಪಕರ ಪೀಠವೂ ಮುಖ್ಯ ಗ್ರಂಥಪಾಲರ ಹೊಣೆಯೂ ಒಟ್ಟಿಗೇ ಅವರಿಗೆ ಬಂದವು.

ಹುದ್ದೆ ಹೆಸರಿಗೆ ಮಾತ್ರ ಇದ್ದಿದ್ದರೆ 1865ರಲ್ಲಿ ಅವರು ತಮ್ಮ ಗ್ರಂಥಾಲಯದ ಭಾರತೀಯ ಹಸ್ತಪ್ರತಿಗಳ ಸೂಚಿಯನ್ನು ತಾವೇ ಸಿದ್ಧಪಡಿಸಿ ಅಚ್ಚು ಹಾಕಿಸುತ್ತಿರಲಿಲ್ಲ. ಆಗ ಗ್ರಂಥಾಲಯವಿದ್ದದ್ದು ಊರಿನ ಮೇಲಿರುವ ಹಳೆಯ ಕೋಟೆಯಲ್ಲಿ. ಈಗಿನ ಕಡೆಗೆ ಸ್ಥಳಾಂತರವಾದದ್ದು 1912ರಲ್ಲಿ. ಅದೇ ಕೋಟೆಯಲ್ಲಿದ್ದ ಅರಸು ಮನೆತನದ ಪುಸ್ತಕ ಸಂಗ್ರಹವನ್ನು 1635ರಲ್ಲಿ, ಮೂವತ್ತು ವರ್ಷಗಳ ಯುದ್ಧದ ನಡುವೆ, ಹೊತ್ತೊಯ್ದ ಕಥೆಯನ್ನು ಬಿಡಿಸಿ ಬರೆದವರೂ ರೋಥ್ ಅವರೇ. ವಿಶ್ವವಿದ್ಯಾನಿಲಯದ ಮೊದಲ ಎಪ್ಪತ್ತು ಚಿಲ್ಲರೆ ವರ್ಷಗಳ ದಾಖಲೆಗಳನ್ನು ಅವರು 1877ರಲ್ಲಿ ಪ್ರಕಟಿಸಿದರು. ಇವು ವೇದಕ್ಕೆ ಸಂಬಂಧಿಸಿದ ಕೆಲಸಗಳಲ್ಲ. ತಾನು ಕಾಯುವ ಕಪಾಟುಗಳಲ್ಲಿ ಏನಿದೆ, ಏನು ಇತ್ತು, ಅದು ಎಲ್ಲಿ ಹೋಯಿತು ಎಂದು ವಿಚಾರಿಸುವವನ ಕೆಲಸಗಳು.

ಅವರ ದೊಡ್ಡ ಸಾಧನೆಯಾದ ಸಂಸ್ಕೃತ ನಿಘಂಟನ್ನೂ ನಾನು ಇದರೊಂದಿಗೇ ಇಟ್ಟು ನೋಡುತ್ತೇನೆ. ಬೋಟ್‌ಲಿಂಕ್ ಅವರೊಡನೆ ಸೇರಿ ಮಾಡಿದ ಆ ನಿಘಂಟನ್ನು ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿ 1855ರಿಂದ 1875ರವರೆಗೆ ಏಳು ಸಂಪುಟಗಳಲ್ಲಿ ಹೊರತಂದಿತು. ವೈದಿಕ ಶಬ್ದಗಳ ಭಾಗ ಮುಖ್ಯವಾಗಿ ರೋಥ್ ಅವರದು. ಪ್ರತಿಯೊಂದು ಶಬ್ದವೂ ಯಾವ ಗ್ರಂಥದ ಯಾವ ಸ್ಥಳದಲ್ಲಿ ಬಂದಿದೆ ಎಂದು ಗುರುತು ಹಾಕುತ್ತ ಹೋಗುವ ಈ ಪರಿಶ್ರಮಕ್ಕೂ ಸೂಚಿ ಬರೆಯುವ ಪರಿಶ್ರಮಕ್ಕೂ ನನಗೆ ಅಂಥ ಅಂತರ ಕಾಣುವುದಿಲ್ಲ. ಕಾರ್ಡುಗಳ ಮೇಲೆ ಬರೆದು ಬರೆದು ಸವೆದ ಕೈ ನನ್ನದು. ಆದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಉತ್ತರ: ಸಂಸ್ಕೃತ ಅಧ್ಯಾಪಕ, ಉಡುಪಿ

ಹಿರಿಯರು ಹೇಳಿದ್ದಕ್ಕೆ ಒಂದು ಮುಖ್ಯ ಸಂಗತಿಯನ್ನು ಸೇರಿಸುತ್ತೇನೆ. ಅಥರ್ವವೇದ ಎರಡು ಶಾಖೆಗಳಲ್ಲಿ, ಅಂದರೆ ಎರಡು ಪಾಠಪರಂಪರೆಗಳಲ್ಲಿ, ಉಳಿದಿದೆ. ಅವುಗಳಲ್ಲಿ ಶೌನಕ ಶಾಖೆಯ ಸಂಹಿತೆಯನ್ನು ರೋಥ್ ತಮ್ಮ ಶಿಷ್ಯ ವಿಟ್ನಿ ಅವರೊಡನೆ 1856ರ ಹೊತ್ತಿಗೆ ಬರ್ಲಿನ್ನಿನಲ್ಲಿ ಅಚ್ಚು ಮಾಡಿಸಿದ್ದರು. ಆದರೆ ಇನ್ನೊಂದಾದ ಪೈಪ್ಪಲಾದ ಶಾಖೆಯ ಪಾಠ ಕಾಶ್ಮೀರದಲ್ಲಿ ಉಳಿದಿರಬಹುದೆಂಬ ಅವರ ಊಹೆಯ ಮೇರೆಗೆ ಹುಡುಕಾಟ ನಡೆದು, ಭೂರ್ಜಪತ್ರದ (ಭೂರ್ಜ ಮರದ ತೊಗಟೆಯ) ಮೇಲೆ ಕಾಶ್ಮೀರದ ಶಾರದಾ ಲಿಪಿಯಲ್ಲಿ ಬರೆದ ಒಂದು ಪ್ರತಿ ದೊರೆತು, 1870ರ ದಶಕದಲ್ಲಿ ಅವರ ಕೈಸೇರಿತು. ಅವರ ಮರಣಾನಂತರ ಅದು ಟ್ಯೂಬಿಂಗೆನ್ನಿನ ಗ್ರಂಥಾಲಯದ ಸ್ವತ್ತಾಯಿತು. 1901ರಲ್ಲಿ ಬ್ಲೂಮ್‌ಫೀಲ್ಡ್ ಮತ್ತು ಗಾರ್ಬೆ ಅದರ ಹಾಳೆ ಹಾಳೆಯ ಛಾಯಾಪ್ರತಿಯನ್ನು ಪ್ರಕಟಿಸಿದರು. ದುರ್ಗಾಮೋಹನ ಭಟ್ಟಾಚಾರ್ಯರು 1950ರ ದಶಕದಲ್ಲಿ ಒಡಿಶಾದ ತಾಳೆಗರಿಗಳಲ್ಲಿ ಅದೇ ಶಾಖೆಯನ್ನು ಕಂಡುಹಿಡಿಯುವವರೆಗೆ ವಿದ್ವಾಂಸರಿಗೆ ಇದ್ದ ಆಧಾರ ಆ ಒಂದು ಪ್ರತಿ ಮಾತ್ರ. ಏನಿಲ್ಲವೆಂದು ತಿಳಿದವನಿಗೆ ಮಾತ್ರ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ.

ಅವರ ವೇದಾರ್ಥವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಜಯನಗರ ಕಾಲದ ಸಾಯಣರ ಸಾಂಪ್ರದಾಯಿಕ ವೇದಭಾಷ್ಯವನ್ನು ಬದಿಗಿಟ್ಟು, ಒಂದು ಶಬ್ದ ಬರುವ ಎಲ್ಲ ಸ್ಥಳಗಳನ್ನು ಹೋಲಿಸಿ ಅರ್ಥ ಕಂಡುಕೊಳ್ಳಬೇಕೆಂದು ಅವರು ವಾದಿಸಿದರು. ಋಗ್ವೇದದ ಮೊದಲ ನಲವತ್ತು ಸೂಕ್ತಗಳಿಗೆ ಶ್ರೀ ಮಧ್ವಾಚಾರ್ಯರು ಭಾಷ್ಯ ಬರೆದ ಪರಂಪರೆಯಲ್ಲಿ ಬೆಳೆದ ನಮಗೆ, ಸಂಪ್ರದಾಯದ ಅರ್ಥವನ್ನು ಅಷ್ಟು ಸುಲಭವಾಗಿ ಬದಿಗಿಡುವುದು ಸರಿಯೆನಿಸುವುದಿಲ್ಲ. ರೋಥ್ ಅವರ ಶಿಷ್ಯರೇ ಆದ ಗೆಲ್ಡ್ನರ್ ಮುಂದೆ ಪಿಶೆಲ್ ಅವರೊಡನೆ ಸೇರಿ ಭಾರತೀಯ ಪರಂಪರೆಯತ್ತ ಮತ್ತೆ ತಿರುಗಿದರು. ಇಷ್ಟಾದರೂ, ಎಲ್ಲ ಸ್ಥಳಗಳನ್ನೂ ಒಂದೆಡೆ ತಂದಿಟ್ಟ ಅವರ ಉಪಕಾರವನ್ನು ನಾನು ದಿನವೂ ಬಳಸುತ್ತೇನೆ.

ಇನ್ನೊಬ್ಬ ಶಿಷ್ಯ ಔರೆಲ್ ಸ್ಟೈನ್ ಜಮ್ಮುವಿನ ರಘುನಾಥ ದೇವಾಲಯದ ಹಸ್ತಪ್ರತಿಗಳ ಸೂಚಿಯನ್ನು 1894ರಲ್ಲಿ ಪ್ರಕಟಿಸಿದರು. ಗುರುವಿನ ಅಭ್ಯಾಸ ಎಲ್ಲಿಗೆ ಹರಿಯಿತೆಂದು ಇದರಿಂದ ತಿಳಿಯುತ್ತದೆ.

ಮರುಪ್ರತಿಕ್ರಿಯೆ: ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. 1865ರ ಸೂಚಿಯ ವಿಷಯ ತಿಳಿದ ಮೇಲೆ ಮನಸ್ಸಿಗೆ ಬಲ ಬಂದಿದೆ. ಆ ಕಟ್ಟುಗಳಲ್ಲಿ ಒಂದನ್ನಾದರೂ ಸರಿಯಾಗಿ ದಾಖಲಿಸಲು ಅನುಮತಿ ಕೇಳಬೇಕೆಂದಿದ್ದೇನೆ. ಅವು ತುಳು ಲಿಪಿಯಲ್ಲಿವೆ. ನನಗೆ ಅಕ್ಷರಗಳು ಕೂಡಿಸಿ ಕೂಡಿಸಿ ಓದುವಷ್ಟು ಮಾತ್ರ ಬರುತ್ತವೆ. ಎಲ್ಲಿಂದ ಆರಂಭಿಸಬೇಕು, ಸರ್?

ಉತ್ತರ: ಸಂಸ್ಕೃತ ಅಧ್ಯಾಪಕ, ಉಡುಪಿ

ಕೊನೆಯ ಗರಿಯಿಂದ ಆರಂಭಿಸಿ. ಗ್ರಂಥದ ಹೆಸರು, ಬರೆದವರ ಹೆಸರು, ಬರೆದು ಮುಗಿಸಿದ ಸಂವತ್ಸರ ಮತ್ತು ತಿಥಿ ಸಿಗುವುದಾದರೆ ಸಾಮಾನ್ಯವಾಗಿ ಅಲ್ಲಿಯೇ. ಕಟ್ಟಿನ ದಾರವನ್ನು ಎಳೆಯಬೇಡಿ, ಗರಿಗಳ ಅನುಕ್ರಮವನ್ನು ಬದಲಿಸಬೇಡಿ. ಗರಿಗಳನ್ನು ಎಣಿಸಿ, ಉದ್ದ ಅಗಲ ಅಳೆದು, ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಕಂಡಂತೆಯೇ ಬರೆದುಕೊಳ್ಳಿ. ಅನುಮತಿ ದೊರೆತ ದಿನ ಇಲ್ಲಿಯೇ ತಿಳಿಸಿ. ಭಾನುವಾರವಾದರೆ ನಾನೂ ಬಂದು ಜೊತೆಗೆ ಕುಳಿತು ಓದುತ್ತೇನೆ.